ಬೈರಿಗೆ ಮಿಷಿನ್ನಿನ ಮದುವಣಿಗ

ಕೈಗೆ ಚೀಲವಾದರೆ ಬಾಯಿಗೆ ಮೊಸರು ಬೇರೆಯವರೇ ತಿನ್ನಿಸಬೇಕು. ಗಾದೆಯನ್ನು ತಿರುಚಿದವನು ನಾನು. ಕತೆ ಮಾತ್ರ ನಿಜ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಲಿನ ಹೊಗೆ ಕುಡಿದು ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಬಸ್ಸಿನ ಮಾಲೀಕರ ಮಾತು. ಹೊಳೆನರಸೀಪುರಕ್ಕೆ ಹೊರಟ ನಮ್ಮದು ಚನ್ನರಾಯಪಟ್ಟಣದಲ್ಲೇ ಕೆಮ್ಮಿ ಕೂತಿತು. ಸಂಜೆಯ ಜಡಿಮಳೆಗೆ ನಾವೆಲ್ಲ ಗಂಗಾಧರಯ್ಯ ಮೇಸ್ತ್ರಿಯ ವರ್ಕ್‌ಶಾಪಿನ ತಗಡಿನ ಕೆಳಗೆ ಸೇರಿದೆವು. ಒಂದು ಕಬ್ಬಿಣದ ಪಟ್ಟಿಗೆ ತೂತು ಕೊರೆದರೆ ಬಸ್ಸು ಹೊರಡಬಹುದು. ಡ್ರೈವರ್ ದೇವರಾಜು, ಕೆಂಡ ಕೆದಕುವ ತೊಗಲಿನ ಕೈಗವಸು ತೊಟ್ಟೇ ಬೈರಿಗೆ ಮಿಷಿನ್ನಿನ ಕಡೆ ನಡೆದ.

"ಚೀಲ ಕಳಚ್ಲಾ" ಎಂದರು ಮೇಸ್ತ್ರಿ, ಕೂತಲ್ಲಿಂದಲೇ ಗವಸಿನ ಕಡೆ ಬೊಟ್ಟು ಮಾಡಿ.

"ಚೂರು ಚುಚ್ತವೆ ಕಣಯ್ಯಾ. ಕೈ ನಂದು ತಾನೆ?"

ಮುದುಕ ಮೇಸ್ತ್ರಿ ನಿಟ್ಟುಸಿರು ಬಿಟ್ಟು ನಮ್ಮ ಕಡೆ ತಿರುಗಿದರು.

"ಮಿಷಿನ್ನು ತಿರುಗ್ಸೋ ಎಂಜಿನ್ನು ಕಾಯಾಕೆ ಇನ್ನೂ ಹೊತ್ತಾಯ್ತದೆ, ಕೇಳ್ರಪ್ಪಾ... ಹೇಳಿ ಹೇಳಿ ನಂಗೇ ಸಾಕಾಗೈತೆ. ಪಾಲಾಕ್ಷ ಅಂತ ಇದ್ದ, ಇದೇ ಮಿಷಿನ್ನು ನಡೆಸೋನು, ಮದ್ವೆ ಆಗಿ ಕೈಯಾಗೆ ಕಂಕಣ ಇನ್ನೂ ಅಂಗೇ ಇತ್ತು, ಮಾರನೇ ದಿನ ಬಿಚ್ಚೋ ಶಾಸ್ತ್ರ, ಅಷ್ಟ್ರಲ್ಲಿ ಇಂಗೇ ಒಂದು ಬಸ್ಸು ಕೆಟ್ಟು ಜನ ಬಾಯಿ ಬಡ್ಕೊಂಡ್ರು ಅಂತ ಕೆಲಸಕ್ಕೆ ಬಂದ್ಬುಟ್ಟ. ಅವ್ರವ್ವ ಕಮಲಾಕ್ಷಮ್ಮ, ಕಂಕಣಕ್ಕೆ ಮಸಿ ಎಣ್ಣೆ ಆಗ್ಬಾರ್ದು ಕಣೋ ಅಂದ್ಲು. ಅದ್ನ ಮುಚ್ಕೊಳಾಕೆ ಅಂತ್ಲೇ ಚೀಲ ಆಕ್ಕೊಂಡ... ಮಿಷಿನ್ನಿಗೆ ಶುಭ ಅಶುಭ ಗೊತ್ತಾಯ್ತದಾ? ಬರಿಗೈ ತಗುಲಿದ್ರೆ ಗಾಯ ಆದ್ರೂ ಕಿತ್ಕೊಬೋದು. ಚೀಲದ ತುದಿ ಸಿಕ್ಕೊಂಡ್ರೆ? ರಾಟೆಗೆ ನೂಲು ಸುತ್ತಿದಂಗೆ ಸುತ್ಕೊಂಡು, ಚೀಲದ ಜೊತೆ ಕೈನೂ... ಬೆಲ್ಟು ಬೀಳ್ಸಿ ಮಿಷಿನ್ನು ನಿಲ್ಸೋ ಅಷ್ಟ್ರಲ್ಲಿ ಮುಗಿದೋಗಿತ್ತು. ಹಾಸನದ ದಾರೀಲೇ ಪ್ರಾಣ ಓಯ್ತು. ಕಂಕಣ? ಎಷ್ಟು ಹುಡುಕಿದ್ರೂ ಸಿಗ್ನಿಲ್ಲ. ಅವತ್ತಿಂದ, ಚೀಲ ಆಕ್ಕೊಂಡು ಅಲ್ಲಿ ನಿಂತೋರ ಮಣಿಕಟ್ನ ಯಾರೋ ತಡವ್ತಾರೆ... ಗಂಟು ಹುಡುಕ್ದಂಗೆ..."

"ಅಜ್ಜಿ ಕತೆ" ಎಂದ ದೇವರಾಜು. ದೊಗಳೆ ಗವಸುಗಳನ್ನು ಮಣಿಕಟ್ಟಿಗೆ ನಾರಿನ ಹುರಿಯಿಂದ ಕಟ್ಟಿ, ಗಂಟನ್ನು ಹಲ್ಲಲ್ಲಿ ಬಿಗಿದು, ಮಿಷಿನ್ನಿನ ಮುಂದೆ ನಿಂತ. ಬೆಲ್ಟು ಹಾಕುವುದೊಂದೇ ಬಾಕಿ. ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಕಂಡವರ ದನಿಯನ್ನೆಲ್ಲ ಕದ್ದು ಬಿ.ಎ. ಮುಗಿಸಿದ ನನಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೇ? ಬಾಗಿಲ ಮರೆಯಿಂದ ನರಳಿದೆ: "ಗಂಟು ಬಿಚ್ರಪ್ಪೋ..."

"ಅವ್ವೋ!" ಎಂದು ದೇವರಾಜು ಹಿಂದಕ್ಕೆ ಹಾರಿದ. ಗವಸುಗಳು ಎರಡೂ ಕೈ ಬಿಟ್ಟು ನೆಲಕ್ಕೆ ಬಿದ್ದವು. ಕೂಗಿದವನು ನಾನೆಂದು ತಿಳಿದು ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ; ಬರಿಗೈಯಲ್ಲಿ ತೊಡೆ ಬಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ.

"ನಿಮ್ ಮನೆ ಕಾಯ್ವೋಗ ಸಾ! ಕೂಗಿದ್ದು ಸರಿ, ನನ್ ಗಂಟು ಯಾವ ಮಾಯದಾಗೆ ಬಿಚ್ಚಿದ್ರಿ?"

ಮೇಸ್ತ್ರಿ ಕೂತಲ್ಲಿಂದ ಏಳಲಿಲ್ಲ.

"ಅವ್ರು ಬಾಗ್ಲಾಗೇ ಇದ್ರು ಕಣಪ್ಪ. ನಗು, ನಗು... ಎರಡೂ ಕೈ ಉಳ್ಕೊಂಡೋನು ನಗ್ಬೇಕು. ಬಿಚ್ಚಿದೋನು ಅಲ್ಲೇ ಮಿಷಿನ್ನಿನ ತಾವ ನಿಂತವ್ನೆ. ಬಿಚ್ಚಿ ಬಿಚ್ಚಿ ಅವ್ನಿಗೂ ಸಾಕಾಗೈತೆ, ನನ್ನಂಗೇ..."