ನಿನಗಿಲ್ಲದ ಅಣ್ಣ

ಅಯ್ಯೋ, ಮಾತಾಡಬೇಡಿ ಅಂದ್ನಲ್ಲ! ಹತ್ತಿ ಜಾರಿ ಗಂಟಲಿಗೆ ಹೋದ್ರೆ ಆಮೇಲೆ ನನ್ನ ತಲೆ ಮೇಲೆ ಬರುತ್ತೆ. ಬರೀ ತಲೆ ಆಡಿಸಿ, ಸಾಕು. ಹೌದಾದ್ರೆ ಹೀಗೆ, ಇಲ್ಲಾಂದ್ರೆ ಹೀಗೆ... ಹಾಂ, ಜಾಣರು. ಮೇಲಿನ ಸಾಲಿನ ಮುಂದಿನ ಹಲ್ಲು, ಅರ್ಧ ಹಾರಿಹೋಗಿದೆ. ಮೈಕಿಗೆ ಬಡಿದಿದ್ದಾ? ಇವತ್ತು ಬೆಳಿಗ್ಗೆ, ತಾಲೀಮಿನಲ್ಲಿ? ಛೆ ಛೆ... ಅಷ್ಟು ಹತ್ತಿರ ಹೋಗಿ ಅದಕ್ಕೇನು ಮುತ್ತು ಕೊಡ್ತಿದ್ರಾ?

ನಗಬೇಡಿ. ತುಟಿ ಅಲ್ಲಾಡುತ್ತೆ.

ಮೇಲ್ಗಡೆ ಮರಗಟ್ಟೋ ಮದ್ದು ಚುಚ್ಚಿಯಾಯ್ತು, ಇನ್ನು ನೋವಿರಲ್ಲ. ಸಂಜೆ ಹೊತ್ತಿಗೆ ಹಲ್ಲು ಹಲ್ಲಿನ ಜಾಗದಲ್ಲಿರುತ್ತೆ, ಹೆದರಬೇಡಿ. ಬರ್ತಾ ನೋಡ್ದೆ, ಬಂದರಿನ ಪಕ್ಕ ವೇದಿಕೆ ಎದ್ದಿದೆ. 'ಪೇಪರ್ ಹೆರಿಂಗ್ಸ್ ಮನೆಗೆ ಬಂದರು' ಅಂತ ನಿಮ್ಮ ಬ್ಯಾಂಡಿನ ಹೆಸರಲ್ಲಿ ಅಷ್ಟಗಲದ ಬಟ್ಟೆ! ಇಡೀ ಆರ್ಬ್ರೋತ್ ಊರೇ ಹುಚ್ಚೆದ್ದು ಕೂತಿದೆ. ಹೊಗೆಮೀನಿನ ಅಂಗಡಿಯವರೂ ಇವತ್ತು ಬೇಗ ಬಾಗಿಲು ಹಾಕ್ತಾರಂತೆ. ಏನು? ಜೇಬು ಯಾಕೆ ತಡಕಾಡ್ತೀರಿ... ಓಹೋ, ಪಾಸಾ? ನನಗಾ? ಎಂಥಾ ದೊಡ್ಡ ಮನಸ್ಸು! ತಡೀರಿ, ಈ ಮಾಸ್ಕ್ ಸ್ವಲ್ಪ ಕೆಳಗೆ ಎಳ್ಕೋತೀನಿ, ಉಸಿರು ಕಟ್ತಿದೆ.

ಈಗ?

ಗೊತ್ತಾಗ್ಲಿಲ್ವಾ? ಕೂದಲು ನೆರೆತಿದೆ, ಕನ್ನಡಕ ಬಂದಿದೆ, ಇರಲಿ... ಸರಿಯಾಗಿ ನೋಡು. ಹಾಂ, ಬಂತು. ಬಂತು! ಕಣ್ಣು ಹೇಗೆ ಅಗಲವಾಯ್ತು ನೋಡು! ಬಾಗಿಲ ಮೇಲಿನ ಬೋರ್ಡಿನಲ್ಲಿ ನನ್ನ ಗಂಡನ ಮನೆ ಹೆಸರಿದೆ ಕಣೋ, ಅದಕ್ಕೇ ನೀನು ಸಿಕ್ಕಿಬಿದ್ದೆ. ಮೋರ್ವೆನ್. ಮೋರ್ವೆನ್ ಕಾರ್ಗಿಲ್. ನಿನ್ನ ಬ್ಯಾಂಡಿನಲ್ಲಿ ಮೊಟ್ಟಮೊದಲು ಡ್ರಮ್ಸ್ ಬಾರಿಸಿದೋಳು. ನಿನ್ನ ಬ್ಯಾಂಡು ಅಂದ್ನಾ? ನಾಲಿಗೆ ತಪ್ಪಿತು. ನಮ್ಮ ಬ್ಯಾಂಡು.

ಏಳಬೇಡ. ಕೂತ್ಕೋ ಫ್ರೇಜರ್... ಕೂತ್ಕೋ ಅಂದೆ. ಮೊಂಡು ಹಲ್ಲಿಟ್ಕೊಂಡು ಊರ ಮುಂದೆ ನಿಲ್ತೀಯಾ? ಶನಿವಾರ ಮಧ್ಯಾಹ್ನ ಈ ಊರಲ್ಲಿ ಬಾಗಿಲು ತೆಗೆದಿರೋ ಹಲ್ಲಿನ ಡಾಕ್ಟರು ನಾನೊಬ್ಬಳೇ. ನಿನ್ನ ಮ್ಯಾನೇಜರಮ್ಮ ಹೊರಗೆ ಕಾರಲ್ಲಿ ಫೋನಿಗೆ ಅಂಟ್ಕೊಂಡಿದ್ದಾಳೆ, ನನ್ನ ಸಹಾಯಕಿಯನ್ನ ಮನೆಗೆ ಕಳಿಸಿದೀನಿ. ನೀನು, ನಾನು, ಈ ದೀಪ. ಇಪ್ಪತ್ತೈದು ವರ್ಷ ನೀನು ಹಾಡ್ದೆ, ನಾನು ಕೇಳ್ದೆ. ಇವತ್ತು ಒಂದೇ ಒಂದ್ಸಲ ನೀನು ಕೇಳು. ಬಾಯಿ ಬಿಟ್ರೆ ಬಣ್ಣಗೇಡು ಅಂತಾರಲ್ಲ, ನೀನು ಬಾಯಿ ಬಿಟ್ಕೊಂಡೇ ಇರು, ಬಣ್ಣ ನಾನು ಹೇಳ್ತೀನಿ.

ಆ ಬಲೆ ಇಡೋ ಅಟ್ಟ ನೆನಪಿದೆಯಾ? ನಮ್ಮಪ್ಪನದ್ದು, ಬಂದರಿನ ಬೀದಿದು. ಕೆಳಗೆ ಅಮ್ಮ ಮೀನಿಗೆ ಹೊಗೆ ಹಾಕ್ತಿದ್ಲು, ಮೇಲೆ ನಾವು ನಾಲ್ಕು ಜನ ಕೆಮ್ಮುತ್ತಾ ಹಾಡ್ತಿದ್ವಿ. ನಿನ್ನ ಗಿಟಾರಿಗೆ ಒಂದು ತಂತಿ ಯಾವಾಗಲೂ ಕಮ್ಮಿ. ನಮ್ಮ ಗೆಳೆಯ ಡಾಡ್ ಬೇಸ್ ಗಿಟಾರ್ ನುಡಿಸೋನು, ಅರ್ಧ ಹಾಡಿಗೆ ಮರೆತು ನಿಂತುಬಿಡೋನು. ಡಂಡೀ ಊರಲ್ಲಿ ಒಂದು ಪಬ್ಬಿನಲ್ಲಿ ಹಾಡೋಕೆ ಹೋದಾಗ ಜನ ಏನಂದ್ರು? 'ಹಾಡು ಹಂಗಿರಲಿ, ಹೊಗೆಮೀನಿನ ವಾಸನೆಗೆ ಹಸಿವಾಯ್ತು' ಅಂದ್ರು! ಬಟ್ಟೆಗೆಲ್ಲ ವಾಸನೆ ಹತ್ತಿತ್ತಲ್ಲ... 'ಪೇಪರ್ ಹೆರಿಂಗ್ಸ್', ಕಾಗದದ ಮೀನು, ಆ ಹೆಸರು ಹುಟ್ಟಿದ್ದೇ ಅವತ್ತು. ನಗ್ತಿದ್ದೀಯಾ. ನಗು, ಅದಕ್ಕೆ ನಗು, ನನಗೂ ನಗು ಬರುತ್ತೆ.

ನಮ್ಮಣ್ಣ ಟ್ಯಾಮನ ವ್ಯಾನಲ್ಲವಾ ನಮ್ಮನ್ನ ಊರೂರು ತಿರುಗಿಸಿದ್ದು? ಮೀನು ಸಾಗಿಸೋ ವ್ಯಾನು. ಗ್ಲಾಸ್ಗೋಗೆ ಹೋಗಿ ಬಂದು, ಕಣ್ಣು ಮುಚ್ಚದೆ ಹಾಗೇ ದೋಣಿ ಹತ್ತೋನು. ಗ್ಲಾಸ್ಗೋದಲ್ಲಿ ಆ ನೆಲಮಾಳಿಗೆ ಕ್ಲಬ್ಬಿನಲ್ಲಿ ಜನ ಮೊದಲ ಸಲ ನಮ್ಮ ಹಾಡನ್ನ ನಮ್ಮ ಜೊತೆ ಹಾಡಿದ್ರಲ್ಲ, ಅವತ್ತು ಅವನು ಬಾಗಿಲ ಹತ್ರ ನಿಂತು ಅತ್ತ. ಆರಡಿ ಗಂಡಸು! ನಾನು ನೋಡ್ದೆ, ನೀನೂ ನೋಡ್ದೆ. ಚಿಪ್ಸ್ ತಿಂತಾ, 'ವಿನೆಗರ್ ಕಣ್ಣಿಗೆ ಹಾರಿತು ಮಾರಾಯ' ಅಂದ. ರೇಡಿಯೋದವರು ನಮ್ಮ ಕ್ಯಾಸೆಟ್ ಹಾಕಿದ್ರು. ಲಂಡನ್ನಿನಿಂದ ಆ ಬಿಳಿ ಶೂ ಮನುಷ್ಯ ಬಂದ, 'ಚಳಿಗಾಲ ಕಳೀತಿದ್ದಂಗೆ ಬನ್ನಿ, ರೆಕಾರ್ಡ್ ಮಾಡೋಣ' ಅಂದ.

ಆ ಚಳಿಗಾಲದಲ್ಲೇ ದೋಣಿ ಹೋಯ್ತು.

ಯಾಕೆ ಕಣ್ಣು ಮುಚ್ಕೊಂಡೆ? ದೀಪದ ಬೆಳಕಾ? ತಗೋ, ಪಕ್ಕಕ್ಕೆ ತಿರುಗಿಸ್ದೆ. ಬಿಡು ಕಣ್ಣು.

'ಜೆಸ್ಸಿ ಕಾರ್ಗಿಲ್'. ಅಮ್ಮನ ಹೆಸರೇ ದೋಣಿಗೆ. ಹೋದೋರು ಮೂರು ಜನ, ಸಿಕ್ಕಿದ್ದು ಎರಡು ಹೆಣ. ಟ್ಯಾಮ್ ಸಿಗಲಿಲ್ಲ. ಹೊಸ ವರ್ಷದ ರಾತ್ರಿ ನಮ್ಮನೆ ಹೊಸ್ತಿಲು ಮೊದಲು ದಾಟ್ತಿದ್ದೋನು ಅವನು, ಪ್ರತಿ ವರ್ಷ, ಮನೆಗೆ ಒಳ್ಳೇದಾಗ್ಲಿ ಅನ್ನೋ ಶಾಸ್ತ್ರಕ್ಕೆ ಕೈಯಲ್ಲಿ ಒಂದು ತುಂಡು ಕಲ್ಲಿದ್ದಲು ಹಿಡ್ಕೊಂಡು. ಆ ವರ್ಷ ಅಮ್ಮ ಬಾಗಿಲು ತೆಗೆದಿಟ್ಕೊಂಡು ಕೂತ್ಲು. ಗಾಳಿ ಬಂತು, ಮಂಜು ಬಂತು, ಯಾರೂ ಬರಲಿಲ್ಲ. ಪಕ್ಕದ ಮನೆಯೋರು ಬರೋಕೆ ಹೋದ್ರೆ, 'ಬೇಡ, ಇನ್ನೂ ನಮ್ಮ ಹುಡುಗ ಬಂದಿಲ್ಲ' ಅಂದ್ಲು.

ಅದನ್ನ ನಾನು ಹಾಡು ಮಾಡ್ದೆ. ನಾನು ಕಣೋ. ಅಡುಗೆಮನೆಯಲ್ಲಿ, ಒಲೆ ಪಕ್ಕ. ಸ್ವರ ಕೂರಿಸಿದ್ದು ನೀನು, ಇಲ್ಲ ಅನ್ನಲ್ಲ, ನಾನೇ ಕರೆಸಿದ್ದೆ. ಅವತ್ತೇ ಹೇಳಿದ್ನೋ ಇಲ್ವೋ? 'ಫ್ರೇಜರ್, ಇದು ಅಮ್ಮನಿಗೆ ಮಾತ್ರ. ಇದು ಈ ನಾಲ್ಕು ಗೋಡೆ ದಾಟಬಾರದು.' ನೀನೇನಂದೆ? ಅಮ್ಮ ಕೊಟ್ಟ ಸೂಪು ಕುಡೀತಾ, 'ನನ್ನಾಣೆ' ಅಂದೆ. ಉಂಡ ಮನೆಗೆ ಎರಡು ಬಗೆದೋನೇ!

ನೀವು ಲಂಡನ್ನಿಗೆ ಹೋದ್ರಿ. ನಾನು ಅಮ್ಮನ ಬಿಟ್ಟು ಹೇಗೆ ಬರಲಿ? ನೀನು 'ಕಾಯ್ತೀವಿ' ಅಂದೆ. ಬೇರೆ ಡ್ರಮ್ಮರ್ ಸಿಕ್ಕಿದ, ಸರಿ, ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ನಿಜವಾಗ್ಲೂ. ಒಂದಷ್ಟು ದಿನ ಇತ್ತು... ಹೋಗ್ಲಿ, ಬಹಳ ದಿನ ಇತ್ತು. ಆದರೆ ಅದು ಆರುತ್ತೆ ಕಣೋ, ಅಂಥದ್ದು ಆರುತ್ತೆ. ಆರದೇ ಇರೋದು ಬೇರೆ.

ಅಮ್ಮ ಮೀನು ಸೀಳ್ತಾ ಇದ್ಲು. ಪಕ್ಕದಲ್ಲಿ ಅಷ್ಟೂ ಹೆಂಗಸರು, ಗೋಡೆ ಮೇಲೆ ರೇಡಿಯೋ. ಹಾಡು ಬಂತು. 'ಹೊಸ್ತಿಲು ದಾಟು ಬಾರೋ ಅಣ್ಣಾ, ಕೈಯಲ್ಲಿ ಕರಿ ಕಲ್ಲಿದ್ದಲು...' ನಿನ್ನ ದನಿ. ಅಮ್ಮನ ಕೈಯಲ್ಲಿ ಚೂರಿ ಹಾಗೇ ನಿಂತೋಯ್ತು. ಹಾಡು ಮುಗಿದ ಮೇಲೆ ರೇಡಿಯೋದವನು ಕೇಳ್ತಾನೆ, 'ಯಾರ ಮೇಲೆ ಈ ಹಾಡು, ಫ್ರೇಜರ್?' ನೀನು ಸೊರ ಸೊರ ಮೂಗು ಎಳೆದೆ! ಎಂಥಾ ನಟನೆ! ಆಮೇಲೆ, 'ನಮ್ಮಣ್ಣ. ಸಮುದ್ರಕ್ಕೆ ಹೋದೋನು ಬರಲಿಲ್ಲ' ಅಂದೆ.

ನಿನಗೆ ಅಣ್ಣನೇ ಇಲ್ವಲ್ಲೋ! ನಿಮ್ಮಪ್ಪ ಬ್ಯಾಂಕಿನ ಗುಮಾಸ್ತ! ನಿಮ್ಮ ವಂಶದಲ್ಲಿ ಯಾರೂ ಮೊಣಕಾಲುದ್ದ ನೀರಿಗೆ ಇಳಿದಿಲ್ಲ!

ಕೈ ಇಳಿಸು. ಕೈ ಇಳಿಸು, ಇನ್ನೊಂದು ಚುಚ್ಚಬೇಕು. ಕೆಳಗಡೆ, ಹಿಂದೆ... ಬಾಯಿ ತೆಗಿ. ಸ್ವಲ್ಪ ಒತ್ತಿದ ಹಾಗಾಗುತ್ತೆ ಅಷ್ಟೇ. ಈ ಕಡೆಗೂ ಒಂದು. ಆಯ್ತು, ಆಯ್ತು. ನನ್ನ ಕೈ ನಡುಗ್ತಿಲ್ಲ, ನೋಡ್ಕೋ. ಡ್ರಮ್ಸ್ ಬಾರಿಸಿದ ಕೈ ಇದು.

ಆಮೇಲೆ ಏನೇನಾಯ್ತು ಅಂತ ನಾನು ಹೇಳಬೇಕಾ? ಹಾಡಿನ ಹಬ್ಬದ ಬಯಲುಗಳಲ್ಲಿ ಕೆಸರು ತುಳೀತಾ ಸಾವಿರಾರು ಜನ, ಎಲ್ಲರ ಬಾಯಲ್ಲೂ ನಮ್ಮಣ್ಣ. ನೀನು ಅಮೆರಿಕಾಗೆ ಹೋದೆ, ಅಲ್ಲೂ ಅತ್ತೆ. ಪತ್ರಿಕೆಯಲ್ಲಿ ಫೋಟೋ: ಬಂದರಿನ ಗೋಡೆ ಮೇಲೆ ನೀನು, ದುಃಖದ ಮುಖ, ಮೈಮೇಲೆ ನಮ್ಮಣ್ಣ ತೊಡ್ತಿದ್ದಂಥದ್ದೇ ನೀಲಿ ಸ್ವೆಟರು! ಎರಡನೇ ರೆಕಾರ್ಡು ಯಾರೂ ಕೇಳಲಿಲ್ಲ, ಮೂರನೇದು ಬಂದಿದ್ದೇ ಯಾರಿಗೂ ಗೊತ್ತಾಗಲಿಲ್ಲ. ಡಾಡ್ ಬಿಟ್ಟು ಬಂದು ಈಗ ಶಾಲೆ ಬಸ್ಸು ಓಡಿಸ್ತಾನೆ. 'ದಿನಾ ಸುಳ್ಳಿಗೆ ಬೇಸ್ ನುಡಿಸಿ ಸಾಕಾಯ್ತು ಮೋರ್ವೆನ್' ಅಂದ ಒಂದಿನ. ಅವನೂ ಬಿಟ್ಟ, ಉಳಿದೋರೂ ಬಿಟ್ರು. ಈಗ ನಿನ್ನ ಹಿಂದೆ ನಿಲ್ಲೋ ಮೂವರಿಗೆ ಟ್ಯಾಮ್ ಅಂದ್ರೆ ಯಾರು ಅಂತಾನೂ ಗೊತ್ತಿಲ್ಲ. ನಿನ್ನ ಕೈಯಲ್ಲಿ ಉಳಿದಿದ್ದು ಒಂದೇ ಹಾಡು. ನಮ್ಮಣ್ಣನ ಹೆಣ ಹೊತ್ಕೊಂಡು ಭಿಕ್ಷೆ ಎತ್ತಿದ ಹಾಗೆ, ಊರಿಂದ ಊರಿಗೆ.

ಏನು? ಉಂ ಉಂ ಅಂದ್ರೆ? ಅವನು ನಿನಗೂ ಅಣ್ಣನ ಹಾಗೇ ಇದ್ದ ಅಂತಾನಾ?

ಇದ್ದ. ಹೌದು, ಇದ್ದ. ನಿನಗೆ ಈಜು ಕಲಿಸಿದ, ಸಿಗರೇಟು ಕಲಿಸಿದ, ನಿಮ್ಮಪ್ಪ ಹೊಡೆದ ದಿನ ನಮ್ಮನೆ ಅಟ್ಟದಲ್ಲಿ ಮಲಗಿಸಿದ. ಅಣ್ಣನ ಹಾಗಿದ್ದ. ಹಾಗಿದ್ದ ಅನ್ನೋದು ಬೇರೆ, ಆಗಿದ್ದ ಅನ್ನೋದು ಬೇರೆ! ಅಳೋಕೆ ನಿನಗೂ ಹಕ್ಕಿತ್ತು. ನಮ್ಮ ಜೊತೆ ಕೂತು ಅಳಬಹುದಿತ್ತಲ್ಲೋ, ಯಾರು ಬೇಡ ಅಂದ್ರು? ಒಂದು ಸಲ, ಒಂದೇ ಒಂದು ಸಲ ಅವನ ಹೆಸರು ಹೇಳಿದ್ರೆ ಸಾಕಿತ್ತು. 'ಟ್ಯಾಮ್ ಕಾರ್ಗಿಲ್, ನನ್ನ ಸ್ನೇಹಿತೆಯ ಅಣ್ಣ' ಅಂತ. ಹೇಳಲಿಲ್ಲ. ಹೇಳಿದ್ರೆ ದುಃಖ ನಿನ್ನದಾಗ್ತಿರಲಿಲ್ಲ, ಅಲ್ವಾ?

ಹೋದ ವಾರ ಅಮ್ಮನ್ನ ಗಾಲಿಕುರ್ಚಿಯಲ್ಲಿ ಕೂರಿಸ್ಕೊಂಡು ಬಂದರಿನ ಕಡೆ ಹೋಗಿದ್ದೆ. ಎದುರಿಗೊಬ್ಬಳು ಹುಡುಗಿ ಬಂದ್ಲು, ನಿನ್ನ ಬ್ಯಾಂಡಿನ ಟೀ ಶರ್ಟು. ಎದೆ ಮೇಲೆ ದೋಣಿ ಚಿತ್ರ, ದೋಣಿ ಮೇಲೆ 'ಜೆಸ್ಸಿ'. ಅಮ್ಮ ಅವಳನ್ನ ನಿಲ್ಲಿಸಿ ಕೇಳಿದ್ಲು, 'ಮಗಾ, ಈ ದೋಣಿ ಯಾರದ್ದು ಗೊತ್ತಾ?' ಆ ಹುಡುಗಿ, ಪಾಪ, ಎಷ್ಟು ಪ್ರೀತಿಯಿಂದ ಹೇಳಿದ್ಲು, 'ಫ್ರೇಜರನ ಅಣ್ಣನ ದೋಣಿ ಅಜ್ಜಿ, ಅವನು ಮುಳುಗಿಹೋದ.' ಅಮ್ಮ ಅವಳ ಕೆನ್ನೆ ಸವರಿ ಕಳಿಸಿದ್ಲು. ಮನೆಗೆ ಬಂದ ಮೇಲೆ ನನ್ನ ಕೇಳಿದ್ಲು, 'ಮೋರ್ವೆನ್, ನನಗೆ ಮರೆವು ಜಾಸ್ತಿಯಾಗಿದೆ... ಟ್ಯಾಮ್ ನಮ್ಮ ಹುಡುಗ ತಾನೇ?'

ಅಳ್ತಿದ್ದೀಯಾ? ಇದು ಯಾವ ಅಳು, ರೇಡಿಯೋದ್ದಾ, ನಿಜದ್ದಾ? ಮೂಗು ಒರೆಸ್ತೀನಿ, ತಡಿ. ನಿಜದ್ದೇ ಇರಬೇಕು, ವಿಕಾರವಾಗಿದೆ.

ಕೇಳು. ಅಮ್ಮನ ಮಂಚ ಕಿಟಕಿ ಪಕ್ಕ ಇದೆ. ನಿನ್ನ ವೇದಿಕೆಯ ಒಂದೊಂದು ಮಾತೂ ಆ ಕಿಟಕಿಗೆ ಬಡಿಯುತ್ತೆ ಇವತ್ತು. ಹಾಡ್ತೀಯೋ ಬಿಡ್ತೀಯೋ, ನನಗೆ ಬೇಕಾಗಿಲ್ಲ. ಹಾಡೋ ಮೊದಲು ಮೈಕ್ ಹಿಡ್ಕೊಂಡು ಹೇಳ್ತೀಯಾ, ಇಡೀ ಊರ ಮುಂದೆ? ನನಗೆ ಅಣ್ಣ ಇರಲಿಲ್ಲ, ಇವನು ಜೆಸ್ಸಿಯ ಮಗ, ಇವನ ಹೆಸರು ಟ್ಯಾಮ್ ಅಂತ? ನೀನು ಹೇಳಲ್ಲ, ನನಗೆ ಗೊತ್ತು. ನೀನು ಯಾವತ್ತೂ...

ಏನಂದೆ?

ಇನ್ನೊಂದ್ಸಲ ಆಡಿಸು ತಲೆ.

ಹೌದಾ? ಫ್ರೇಜರ್, ಹೌದಾ? ನನ್ನ ಕೈ ಬಿಡು, ಅಷ್ಟು ಗಟ್ಟಿಯಾಗಿ ಹಿಡೀಬೇಡ... ನಮ್ಮನೆ ಅಟ್ಟದಲ್ಲಿ ಮಲಗಿದ್ದ ಆ ಹುಡುಗನ ಹಾಗೆ ನೋಡಬೇಡ ನನ್ನ. ಇಷ್ಟು ಬೇಗ ಒಪ್ತೀಯಾ? ನಾನು ಅಂದ್ಕೊಂಡಿದ್ದು... ನೀನು ತಲೆ ಅಡ್ಡ ಆಡಿಸ್ತೀಯ ಅಂತ. ನಾನು ಎಲ್ಲಾ... ಯಾರಾದ್ರೂ ಮೊದಲೇ ಕೇಳಿದ್ದಿದ್ರೆ ಹೇಳಿಬಿಡ್ತಿದ್ದೆಯಾ? ಇಷ್ಟು ವರ್ಷ ಯಾರೂ ಕೇಳೇ ಇಲ್ವಾ ನಿನ್ನ?

ತಡಿ. ತಡಿ, ಹತ್ತಿ ತೆಗೀತೀನಿ. ಬಾಯಿ ತೆರೆದಿಡೋಕೆ ಇಟ್ಟ ಈ ರಬ್ಬರ್ ತುಂಡೂ ತೆಗೀತೀನಿ. ತಗೋ ನೀರು, ಮುಕ್ಕಳಿಸು. ಪರವಾಗಿಲ್ಲ, ಚೆಲ್ಲಲಿ ಬಿಡು, ಅಂಗಿ ಒರೆಸೋಣ ಆಮೇಲೆ. ಈಗ ನನಗೆ ಹೇಳು ನೋಡೋಣ. ಅವನ ಹೆಸರು. ಟ್ಯಾಮ್. ಅಷ್ಟೇ, ಚಿಕ್ಕ ಹೆಸರು. ನಾಲಿಗೆ ಒಂದ್ಸಲ ಮೇಲಕ್ಕೆ, ಆಮೇಲೆ ತುಟಿ ಸೇರಬೇಕು...

ಫ್ರೇಜರ್?

ತುಟಿ ಸೇರಿಸೋ. ಸ್ವಲ್ಪ... ಅಯ್ಯೋ, ಬಾಯಿ ಮುಟ್ಕೋಬೇಡ, ಕಚ್ಕೋತೀಯ, ಗೊತ್ತಾಗಲ್ಲ. ಎಲ್ಲಿ ನೋಡ್ತಿದ್ದೀಯಾ? ಆ ತಟ್ಟೆಯಲ್ಲಿರೋ ಖಾಲಿ ಮದ್ದಿನ ಸೀಸೆಗಳನ್ನ ನೋಡಬೇಡ. ನನ್ನ ಕಡೆ ನೋಡು.

...ಹೌದು. ಹಲ್ಲಿಗೆ ಬೇಕಾಗಿದ್ದು ಒಂದೇ ಸೀಸೆ. ಮೇಲೆ ಚುಚ್ಚಿದ್ದು. ಕೆಳಗಿನ ಎರಡು, ನೀನು ಇವತ್ತು ಹಾಡಬಾರದು ಅಂತ.

ಬೆಳಗಾಗೋವರೆಗೂ ನಾಲಿಗೆ ಮರಗಟ್ಟಿದ್ದು ಇಳಿಯಲ್ಲ.

ಹಾಗೆ ನೋಡಬೇಡ್ವೋ. ಬಯ್ಯಿ ನನ್ನ. ಬಯ್ಯೋಕಾದ್ರೂ ಒಂದು ಮಾತಾಡೋ...