ಒಂಬತ್ತನೆಯ ಅಧ್ಯಾಯದ ಪತ್ರ

ಹೇಳಿಕೆದಾರ: ಮೃತಳ ತಂದೆ. ವಯಸ್ಸು 68. ನಿವೃತ್ತ ತರ್ಕಶಾಸ್ತ್ರ ಅಧ್ಯಾಪಕ. ವಾಸ: ಘಟನೆ ನಡೆದ ಕಟ್ಟಡದ ಮೂರನೆಯ ಮಹಡಿ, ಮನೆ ಸಂಖ್ಯೆ 12. ಯಾರೂ ಕರೆಯದೆ ತಾನಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗಳು, ವಯಸ್ಸು 36, ಪತ್ತೇದಾರಿ ಕಾದಂಬರಿಗಾರ್ತಿ. ಹನ್ನೊಂದು ಪುಸ್ತಕಗಳು ಪ್ರಕಟವಾಗಿವೆ. ಆಕೆಯ ಮೇಜಿನ ಮೇಲೆ ಸಿಕ್ಕ ಎರಡು ಸಾಲಿನ ಪತ್ರವನ್ನು ಆಧರಿಸಿ ಸೋಮವಾರದ ಸಾವನ್ನು ಆತ್ಮಹತ್ಯೆ ಎಂದು ದಾಖಲಿಸಲಾಗಿದೆ. ಇದು ತಪ್ಪು. ಆ ಪತ್ರ ಹನ್ನೆರಡನೆಯ ಕಾದಂಬರಿಯ ಒಂಬತ್ತನೆಯ ಅಧ್ಯಾಯದ್ದು. ಅದರಲ್ಲಿ ಕೊಲೆಗಾರನು ಸತ್ತವಳ ಹೆಸರಿನಲ್ಲಿ ಪತ್ರ ಬರೆದಿಟ್ಟು, ಕಿಟಕಿಯ ಹೊರಗಿನ ಸಜ್ಜಾದ ಮೇಲೆ ನಡೆದು, ಲಿಫ್ಟ್ ಕೆಳಗಿನಿಂದ ಮೇಲೆ ಬರುವ ನಲವತ್ತು ಸೆಕೆಂಡುಗಳಲ್ಲಿ ಮೆಟ್ಟಿಲ ಕಡೆಯ ಕಿಟಕಿ ಸೇರುತ್ತಾನೆ.

ಆ ಪತ್ರದ ಏಳು ಕರಡುಗಳು ಮೇಜಿನ ಎಡಗಡೆಯ ಖಾನೆಯಲ್ಲಿದ್ದವು. ಹಾಜರುಪಡಿಸಿದ್ದೇನೆ. ಮೊದಲನೆಯದು ಒಂದೂವರೆ ಪುಟವಿದೆ. ಮೂರನೆಯದರ ಅಂಚಿನಲ್ಲಿ, ಸಾಯುವವರು ಇಷ್ಟು ಮಾತಾಡುವುದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿದೆ. ಆ ಕೈಬರಹ ನನ್ನದು.

ತಾನು ಮಾಡಿ ನೋಡದ್ದನ್ನು ಬರೆಯುವುದಿಲ್ಲ ಎಂಬುದು ಆಕೆಯ ಪಟ್ಟು. ಐವತ್ತು ಕಿಲೋ ಅಕ್ಕಿ ಮೂಟೆಯನ್ನು ಮೆಟ್ಟಿಲ ಮೇಲೆ ಎಳೆದು ಅದರ ಸದ್ದು ಕೇಳಿದವಳು. ಈಕೆ ಕೆಮ್ಮಿನ ಔಷಧಿ ಕೇಳಿದರೂ ತನಗೆ ಎದೆ ಢವಗುಟ್ಟುತ್ತದೆ ಎಂದು ಔಷಧದಂಗಡಿಯವರು ಹೇಳುತ್ತಿದ್ದರು.

ನಾನು ಕಾಲೇಜಿನಲ್ಲಿ ಚರ್ಚಾಪಟು. ಮೂರು ವರ್ಷ ಪಾರಿತೋಷಕ ಗೆದ್ದವನು. ಆಕೆ ಪ್ರತಿ ಅಧ್ಯಾಯವನ್ನು ನನಗೆ ಓದಿ ಹೇಳುವುದು, ನಾನು ಎದುರು ಪಕ್ಷ ವಹಿಸುವುದು, ನಾನು ಸೋಲುವವರೆಗೆ ಆಕೆ ಮುಂದಿನ ಅಧ್ಯಾಯ ಮುಟ್ಟದಿರುವುದು ನಮ್ಮ ಮನೆಯ ಪದ್ಧತಿ.

ಸೋಮವಾರ ಬೆಳಿಗ್ಗೆ 9.10ಕ್ಕೆ ಆಕೆ ಓದಲು ಕುಳಿತಳು. ಮೊದಲು ತಿಂಡಿ ತಿನ್ನಿ, ಹೆಣವೇನೂ ಎದ್ದು ಓಡಿಹೋಗುವುದಿಲ್ಲ ಎಂದು ನನ್ನ ಪತ್ನಿ ಗದರಿದಳು. 9.40ಕ್ಕೆ ಓದು ಮುಗಿಯಿತು. ಹನ್ನೊಂದು ಅಂಗುಲ ಅಗಲದ ಸಜ್ಜಾದ ಮೇಲೆ ಹದಿನಾಲ್ಕು ಅಡಿಯನ್ನು ನಲವತ್ತು ಸೆಕೆಂಡುಗಳಲ್ಲಿ ಯಾವ ಮನುಷ್ಯನೂ ದಾಟಲಾರ ಎಂದೆ. ಅಪ್ಪಾ, ನಿಮ್ಮದು ದಡದಲ್ಲಿ ಕೂತು ಈಜು ಕಲಿಸುವ ವಾದ ಎಂದು ನಕ್ಕಳು. ಹಾಗಾದರೆ ನಡೆದು ತೋರಿಸು, ಇಲ್ಲವೇ ಅಧ್ಯಾಯ ಹರಿದು ಹಾಕು ಎಂದೆ. ಆಕೆ ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ನಾನು ಪತ್ರಿಕೆ ತೆರೆದೆ.

10.25ಕ್ಕೆ ಎದುರು ಕಟ್ಟಡದ ದರ್ಜಿಯವರು ಆಕೆಯನ್ನು ಸಜ್ಜಾದ ಮೇಲೆ ಕಂಡಿದ್ದಾರೆ. ಬರಿಗಾಲು, ದುಪಟ್ಟಾ ಸೊಂಟಕ್ಕೆ ಬಿಗಿದಿತ್ತು. ಏನಮ್ಮಾ, ಬೆಕ್ಕು ಸಿಕ್ಕಿಹಾಕಿಕೊಂಡಿದೆಯಾ ಎಂದು ಅವರು ಕೂಗಿದ್ದಕ್ಕೆ, ನಗುತ್ತಾ ಬಾಯಿಯ ಮೇಲೆ ಬೆರಳಿಟ್ಟಳಂತೆ. ಮೆಟ್ಟಿಲ ಕಿಟಕಿಗೆ ಮೂರು ಅಡಿ ಬಾಕಿಯಿದ್ದಾಗ ಪಾಚಿಯ ಮೇಲೆ ಕಾಲು ಜಾರಿತಂತೆ. ಸಾಯಲು ಹೊರಟವರು ಸಮಯ ಅಳೆಯುವುದಿಲ್ಲ. ಆಕೆಯ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು. ನಾನು ಕೆಳಗಿಳಿದು ಬಂದಾಗಲೂ ಅದು ಓಡುತ್ತಿತ್ತು. ಆರು ನಿಮಿಷ ಹನ್ನೆರಡು ಸೆಕೆಂಡಿಗೆ ಅದನ್ನು ನಿಲ್ಲಿಸಿದವನು ನಾನು. ಸಾಕ್ಷ್ಯವನ್ನು ಮುಟ್ಟಬಾರದೆಂದು ನನಗೆ ತಿಳಿದಿತ್ತು.

ಇನ್ನೊಂದು ಸಂಗತಿಯನ್ನು ಯಾರೂ ಕೇಳಿಲ್ಲವಾದರೂ ಹೇಳುತ್ತೇನೆ. ಅಂದು ಬೆಳಿಗ್ಗೆ ಆ ಅಧ್ಯಾಯ ಕೇಳುತ್ತಿರುವಾಗಲೇ ನಾನು ಅದನ್ನು ನಂಬಿದ್ದೆ. ಕೊಲೆಗಾರ ದಾಟುವಾಗ ಉಸಿರು ಹಿಡಿದಿದ್ದೆ. ಆದರೂ ಎದುರು ಪಕ್ಷ ಬಿಡಲಿಲ್ಲ.

ಬರೆದುಕೊಂಡ ಅಧಿಕಾರಿಯವರು ಇದನ್ನು ನನಗೆ ಓದಿ ಹೇಳಿದರು. ನಡೆದು ತೋರಿಸು ಎಂಬುದರ ಹಿಂದೆ ಅವರು 'ತಮಾಷೆಗೆ' ಎಂದು ಸೇರಿಸಿದ್ದರು. ಯಜಮಾನರೇ, ಇರಲಿ ಬಿಡಿ, ಒಂದೇ ಪದ ತಾನೇ ಎಂದರು. ನಾನು ಅದನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ರುಜು ಹಾಕಿದ್ದೇನೆ. ಈಗ ಇದರಲ್ಲಿರುವುದೆಲ್ಲ ನಿಜ.

ಸ್ಥಳ: ಠಾಣೆ
ಗುರುವಾರ, ಬೆಳಿಗ್ಗೆ 11.20
(ಸಹಿ) ಮೃತಳ ತಂದೆ