ಸಾಂತಪ್ಪನ ಹತ್ತಿ

ಬೇರೆ ಯಾರಿಗೋ ಅಲ್ಲ, ನಮ್ಮ ಪಕ್ಕದ ಮನೆಯ ಗಿರಿಗೇ ಆದದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಕುಶಾಲನಗರದ ಹತ್ತಿರ, ವಯರಿನ ಮೇಲ್ಹೊದಿಕೆಗೆ ಪ್ಲಾಸ್ಟಿಕ್ ಕಾಳು ಮಾಡುವ ಸಣ್ಣ ಕಾರ್ಖಾನೆ. ಗಿರಿಗೆ ಅಲ್ಲಿ ಮಿಕ್ಸಿಂಗ್ ಕೆಲಸ. ಕರಗಿದ ಎರಡು ಬಗೆಯ ಪ್ಲಾಸ್ಟಿಕ್ಕಿಗೆ ಬಿಳಿ ಪುಡಿ ಬೆರೆಸಬೇಕು, ವಯರಿಗೆ ಬೆಂಕಿ ಹತ್ತಿದರೂ ಹರಡದಿರಲಿ ಅಂತ. ಅವನಿಗೆ ಕೆಲಸ ಕಲಿಸಿದ ಸಾಂತಪ್ಪ, ಹೋದ ವರ್ಷ ತೀರಿಕೊಂಡವನು, ಅದನ್ನು ಪುಡಿ ಅಂತ ಕರೆದವನೇ ಅಲ್ಲ. "ನೀರು ಕಣೋ ಇದು. ಒಣಗಿದ ಹಾಗೆ ಕಾಣ್ತದೆ ಅಷ್ಟೆ. ಬೆಂಕಿ ಬಂದಾಗ ಒಳಗಿಂದ ಬಿಡ್ತದೆ" ಅನ್ನುತ್ತಿದ್ದ.

ಆದರೆ ಪುಡಿ ಹೆಚ್ಚಾದಷ್ಟೂ ಮಿಶ್ರಣ ಗಟ್ಟಿ. ಮಿಷನ್ ನರಳುತ್ತದೆ, ಶಿಫ್ಟ್ ಮುಗಿಯುವುದೇ ಇಲ್ಲ. ಅವತ್ತು ಡಬಲ್ ಶಿಫ್ಟ್ ಮಾಡಿ ಹೈರಾಣಾಗಿದ್ದ ಗಿರಿ ಪುಡಿಯನ್ನು ಅರ್ಧಕ್ಕೇ ನಿಲ್ಲಿಸಿದ. ಮಿಷನ್ ಸಲೀಸಾಗಿ ಓಡಿತು. ಪರೀಕ್ಷೆಯನ್ನೂ ಬಿಟ್ಟ. ತಯಾರಾದ ಮಾಲಿನಿಂದ ಒಂದು ಪಟ್ಟಿ ಕತ್ತರಿಸಿ ನೇತುಹಾಕಿ, ಕೆಳಗೆ ಹತ್ತಿ ಇಟ್ಟು, ಬೆಂಕಿ ತಾಗಿಸುವುದು. ಉರಿಯುವ ಹನಿ ಬಿದ್ದು ಹತ್ತಿ ಹೊತ್ತಿಕೊಂಡರೆ ಆ ಮಾಲು ಆಗದು. ಚೀಲಗಳು ಬೆಳಿಗ್ಗೆ ಹೊರಡಬೇಕಿತ್ತು. ಆ ಕಾಳಿನಿಂದಾಗುವ ವಯರು ಹೋಗುವುದು ಸಿದ್ದಾಪುರದ ಕಡೆಯ ಎಸ್ಟೇಟ್ ಕೂಲಿಯವರ ಲೈನ್ ಮನೆಗಳಿಗೆ. ಅಲ್ಲೇ ಒಂದು ಲೈನಿನಲ್ಲಿ ಅವನ ತಂಗಿ ಚಿನ್ನಿ, ಪುಟ್ಟ ಮಗುವಿನ ಜೊತೆ ಇದ್ದಾಳೆ. ಗೊತ್ತಿತ್ತು ಅವನಿಗೆ. ಪಾಪ, ಸುಸ್ತು ಅಷ್ಟಿತ್ತು.

ಬೀಗ ಹಾಕಿ, ಕೀಲಿ ಜೇಬಿಗಿಟ್ಟು, ಕಾಲೆಳೆಯುತ್ತಾ ಹೊರಟ. ಹಳೇ ಬಾವಿಯ ಹತ್ತಿರ ಬಂದಾಗ... ಚಟ್. ಲೈಟರ್ ಸದ್ದು. ಆಮೇಲೆ... ಝುಪ್. ಝುಪ್. ಉರಿಯುವ ಪ್ಲಾಸ್ಟಿಕ್ ಹನಿ ಬೀಳುವ ಸದ್ದು ಅದು. ಆ ಕೆಲಸದವರಿಗೆ ತಪ್ಪದೆ ಗೊತ್ತಾಗುತ್ತದೆ.

ಬಾವಿಕಟ್ಟೆಯ ಮೇಲೆ ಯಾರೋ ಬೆನ್ನು ಹಾಕಿ ಕೂತಿದ್ದರು. ತಲೆ, ಹೆಗಲು... ಎಲ್ಲ ಬಿಳಿ ಪುಡಿ.

"ನೀರು ಸಾಲಲಿಲ್ಲವಲ್ಲೋ, ಗಿರಿ..."

"ಸುಸ್ತಾಗಿತ್ತು, ಸಾಂತಪ್ಪಣ್ಣ..."

"ನಂಗೂ ಆಗ್ತಿತ್ತು... ಹೋಗು. ಹತ್ತಿ ನೋಡು."

ಗಿರಿ ಓಡಲಿಲ್ಲ. ಓಡುವ ಶಕ್ತಿಯೇ ಇರಲಿಲ್ಲ. ಅಳುತ್ತಾ ಹಿಂದಕ್ಕೆ ನಡೆದ. ಬೀಗ ಹಾಕಿದ ಹಾಗೇ ಇತ್ತು. ತೆಗೆದು ಲೈಟ್ ಹಾಕಿದರೆ... ಸ್ಟ್ಯಾಂಡಿನಲ್ಲಿ ಅವನು ಕತ್ತರಿಸದ ಪಟ್ಟಿಯೊಂದು ನೇತಾಡುತ್ತಿತ್ತು. ಪೂರ್ತಿ ಸುಟ್ಟಿತ್ತು. ಕೆಳಗಿನ ಹತ್ತಿ ಕರಕಲು.

ಚೀಲಗಳನ್ನೆಲ್ಲ ಬಿಚ್ಚಿ ಸುರಿದು, ಬಾಕಿ ಪುಡಿ ಸೇರಿಸಿ, ಬೆಳಗಾಗುವ ತನಕ ಆ ನರಳುವ ಮಿಷನ್ ಓಡಿಸಿದ. ಡಬ್ಬಿಯಿಂದ ಒಣ ಹತ್ತಿ ತೆಗೆದಿಟ್ಟು ಹೊಸ ಪಟ್ಟಿಗೆ ಬೆಂಕಿ ತಾಗಿಸಿದ. ಬೆಂಕಿ ತಾನಾಗಿಯೇ ಆರಿತು. ಒಂದು ಹನಿಯೂ ಬೀಳಲಿಲ್ಲ. ಉಸಿರು ಬಿಟ್ಟು ಹತ್ತಿ ಎತ್ತಿಕೊಂಡರೆ... ಒದ್ದೆ.

ಸುಳ್ಳಲ್ಲ ಇದು. ಮನೆಗೆ ತಂದು, ಅಂಗಳದಲ್ಲಿ ನಮ್ಮೆಲ್ಲರ ಎದುರಿಗೇ ಹಿಂಡಿದ. ನೀರು ತಣ್ಣಗಿತ್ತು.